ಶಾಸನಸಭೆಯ ಮಾತಿಗೆ ಬೆಲೆಯಿಲ್ಲವೇ?



ನಾರ್ವ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆಯ ಕನ್ನಡಿಗರಾದ ನಾವು ಯಾವ ರಾಜ್ಯಕ್ಕೆ ಸೇರಬೇಕೆಂಬುದನ್ನು 1956ರಲ್ಲಿ ಪಾರ್ಲಿಮೆಂಟು ನಿರ್ಣಯಿಸಿತು. ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ರಾಯಚೂರು ಜಿಲ್ಲೆಯಿಂದ ಬೇರ್ಪಡಿಸಿ ಆಂಧ್ರ ಪ್ರದೇಶಕ್ಕೆ ಕೊಟ್ಟರು. ಮಹಬೂಬನಗರ ಜಿಲ್ಲೆಯೂ ಅತ್ತಲೇ ಹೋಯಿತು. ನಮ್ಮ ಹಳ್ಳಿಗಳನ್ನು ಕೇಳಿದವರಾರು?

ಇಂತಹ ನಿರ್ಣಯಕ್ಕೆ ಸಂವಿಧಾನದ 3ನೆಯ ಅನುಚ್ಛೇದವೇ ಆಧಾರ. ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ತಿಳಿದ ಮೇಲೆಯೇ ಮಸೂದೆಯನ್ನು ಮಂಡಿಸತಕ್ಕದ್ದೆಂದು ಅದರಲ್ಲಿ ಮೊದಲು ಇದ್ದಿತು. 1955ರ 5ನೆಯ ತಿದ್ದುಪಡಿ ಆ ಕಟ್ಟನ್ನು ಸಡಿಲಿಸಿತು. ರಾಷ್ಟ್ರಪತಿಗಳು ಗೊತ್ತುಪಡಿಸಿದ ಅವಧಿ ಮುಗಿದರೆ ಸಾಕು, ಸಭೆಯು ಉತ್ತರ ಕೊಡಲಿ ಬಿಡಲಿ, ಕೆಲಸ ಮುಂದುವರಿಯುತ್ತದೆ. ಕೊಟ್ಟ ಉತ್ತರವೂ ಪಾರ್ಲಿಮೆಂಟನ್ನು ಕಟ್ಟಿಹಾಕದೆಂದು ಸುಪ್ರೀಂ ಕೋರ್ಟು 1959ರಲ್ಲಿ ಬಾಬುಲಾಲ್ ಪರಾತೆ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೇ ಎಂದು ಗಾದೆ. ಇಲ್ಲಿ ಕೇಳುವುದೇನೋ ಉಂಟು. ಒಲ್ಲೆನೆಂದರೂ ಅರೆಯುವುದು ನಿಲ್ಲದು! 2014ರ ಜನವರಿ 30ರಂದು ಆಂಧ್ರ ಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರುವರಿಯಲ್ಲಿ ಪಾರ್ಲಿಮೆಂಟು ಅದನ್ನೇ ಅಂಗೀಕರಿಸಿತು. ಜೂನ್ 2ರಂದು ನಾವು ತೆಲಂಗಾಣದವರಾದೆವು. ತೆಲಂಗಾಣದ ಉದಯಕ್ಕೆ ನಮ್ಮ ಆಕ್ಷೇಪವಿಲ್ಲ. ಇಡೀ ಸಭೆಯ ಮಾತಿಗೇ ಈ ಗತಿಯಾದರೆ ನಾರ್ವದ ಒಕ್ಕಲಿಗನ ಮಾತಿನ ಗತಿಯೇನು?

ಒಂದು ರಾಜ್ಯದ ಹಟದಿಂದ ದೇಶದ ಕೆಲಸ ನಿಲ್ಲಬಾರದೆಂಬ ವಾದವನ್ನು ನಾವು ಬಲ್ಲೆವು. ನಿಲ್ಲಿಸುವ ಅಧಿಕಾರವನ್ನು ನಾವು ಬೇಡುತ್ತಿಲ್ಲ. ಅಭಿಪ್ರಾಯವನ್ನು ತಳ್ಳಿಹಾಕುವಾಗ ಕಾರಣವನ್ನಾದರೂ ಲಿಖಿತವಾಗಿ ಹೇಳಲಿ, ಗಡಿಯ ಗ್ರಾಮಗಳನ್ನೂ ಕೇಳಲಿ ಎನ್ನುತ್ತೇವೆ.

ತಿದ್ದುಪಡಿಯಾದ ಮಾತ್ರಕ್ಕೆ ಅದು ಪ್ರಶ್ನಾತೀತವೂ ಅಲ್ಲ. ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿಯೇ, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರ ಪಾರ್ಲಿಮೆಂಟಿಗೆ ಇಲ್ಲವೆಂದು 1973ರಲ್ಲಿ ತೀರ್ಪಾಯಿತು. ಒಕ್ಕೂಟ ವ್ಯವಸ್ಥೆಯೂ ಆ ಮೂಲ ಸ್ವರೂಪದ ಅಂಗವೆಂದು 1994ರ ಬೊಮ್ಮಾಯಿ ಮೊಕದ್ದಮೆ ಸಾರಿತು. ರಾಜ್ಯವೇ 131ನೆಯ ಅನುಚ್ಛೇದದಂತೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಮಹಾರಾಷ್ಟ್ರವು 2004ರಲ್ಲಿ ಬೆಳಗಾವಿಗಾಗಿ ಹೋಯಿತು. ಅದರ ಹಕ್ಕೊತ್ತಾಯವನ್ನು ನಾವು ಒಪ್ಪೆವು. ಆದರೆ ಬಾಗಿಲು ತೆರೆದಿದೆಯೆಂಬುದು ಅದರಿಂದ ಸ್ಪಷ್ಟ. ನಮ್ಮ ಪರವಾಗಿ ಕರ್ನಾಟಕದ ಶಾಸನಸಭೆ ಬಾಯಿ ತೆರೆಯಬಾರದೇ?

ಅಲ್ಲಿಯವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. 1956ರ 7ನೆಯ ತಿದ್ದುಪಡಿಯೇ 350ಎ ಅನುಚ್ಛೇದವನ್ನು ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲವನ್ನು ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಯತ್ನಿಸತಕ್ಕದ್ದು. ಗ್ರಾಮಸಭೆಯಲ್ಲಿ ಎದ್ದು ನಿಲ್ಲಿರಿ. ಕನ್ನಡ ಶಾಲೆಯನ್ನು, ಕನ್ನಡ ಉಪಾಧ್ಯಾಯರನ್ನು ಕೇಳಿರಿ. ಅರ್ಜಿಯನ್ನು ಬರೆದು ಸಹಿ ಹಾಕಿರಿ. ಗಡಿಯ ಗೆರೆಯನ್ನು ಎಳೆದವರು ನಮ್ಮನ್ನು ಕೇಳಲಿಲ್ಲ. ನಮ್ಮ ಮಕ್ಕಳ ನಾಲಗೆಯನ್ನಾದರೂ ನಮ್ಮನ್ನು ಕೇಳದೆ ಬದಲಿಸಕೂಡದು.