‘ದಶಾಜ್ಞೆಗಳು’ ಚಿತ್ರಪಟವೂ ಪ್ರೇಕ್ಷಕರ ಭಿನ್ನಾಭಿಪ್ರಾಯಗಳೂ

ಸತ್ಯವೇದದ ಕಥೆಗಳನ್ನು ಚಿತ್ರಪಟವಾಗಿ ಮಾಡಿ ತೋರಿಸುವುದು ಯೋಗ್ಯವೋ ಅಯೋಗ್ಯವೋ ಎಂಬ ಚರ್ಚೆಯು ಚಲಚ್ಚಿತ್ರದಷ್ಟೇ ಹಳೆಯದಾದುದು. ನಮ್ಮ ದೇಶಕ್ಕೂ ಈ ವಿಷಯವು ಹೊರಗಿನದಲ್ಲ. ದಾದಾಸಾಹೇಬ ಫಾಲ್ಕೆಯವರು ಮುಂಬಯಿಯಲ್ಲಿ ಕ್ರಿಸ್ತನ ಜೀವಿತವನ್ನು ಕುರಿತ ಒಂದು ಮೂಕಚಿತ್ರವನ್ನು ನೋಡಿ, ನಮ್ಮ ಪುರಾಣಪುರುಷರನ್ನೂ ಹೀಗೆಯೇ ತೆರೆಯ ಮೇಲೆ ತರಬಾರದೇಕೆಂದು ಪ್ರೇರಿತರಾಗಿ, 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ಜನರ ಮುಂದಿಟ್ಟರೆಂಬುದು ಪ್ರಸಿದ್ಧವಾದ ಸಂಗತಿಯಾಗಿದೆ. ಆದಕಾರಣ ಇಂತಹ ಚಿತ್ರಗಳಲ್ಲಿ ಅತ್ಯಂತ ಹೆಸರಾದ ಒಂದನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ನಾಲ್ಕು ಮಾತುಗಳನ್ನಾಡುವುದು ಈ ಸಂಚಿಕೆಗೆ ಅನುಚಿತವಾಗಲಾರದೆಂದು ನಂಬುತ್ತೇವೆ.

ಆ ಚಿತ್ರವು ಅಮೇರಿಕದ ಸೆಸಿಲ್ ಬಿ. ಡಿಮಿಲ್ ಮಹಾಶಯರು 1956ರಲ್ಲಿ ಹೊರತಂದ ‘ದಿ ಟೆನ್ ಕಮಾಂಡ್‌ಮೆಂಟ್ಸ್’. ಇದೇ ಹೆಸರಿನ ಮೂಕಚಿತ್ರವೊಂದನ್ನು ಅವರು 1923ರಲ್ಲಿಯೇ ತೆಗೆದಿದ್ದರು. ಮುಪ್ಪಿನಲ್ಲಿ ಮತ್ತೆ ಅದೇ ವಿಷಯವನ್ನು ಕೈಗೆತ್ತಿಕೊಂಡು, ಐಗುಪ್ತ ದೇಶಕ್ಕೂ ಸೀನಾಯಿ ಪ್ರಾಂತಕ್ಕೂ ಹೋಗಿ, ಅಲ್ಲಿ ಹೃದಯಾಘಾತಕ್ಕೆ ಗುರಿಯಾದರೂ ಬಿಡದೆ ಕಾರ್ಯವನ್ನು ಮುಗಿಸಿದರು. ಚಿತ್ರದ ಅವಧಿಯು ಸುಮಾರು 220 ನಿಮಿಷಗಳು. ತಗಲಿದ ವೆಚ್ಚವು ಸುಮಾರು 1 ಕೋಟಿ 30 ಲಕ್ಷ ಡಾಲರುಗಳು. ಮೋಶೆಯ ಪಾತ್ರವನ್ನು ಚಾರ್ಲ್‌ಟನ್ ಹೆಸ್ಟನ್ನರೂ, ರಾಮ್ಸೇಸನ ಪಾತ್ರವನ್ನು ಯೂಲ್ ಬ್ರಿನ್ನರರೂ ವಹಿಸಿದರು. ಅಮೇರಿಕದ ದೂರದರ್ಶನದಲ್ಲಿ 1973ರಿಂದೀಚೆಗೆ ಇದನ್ನು ಬಹುಮಟ್ಟಿಗೆ ಪ್ರತಿವರ್ಷವೂ ಈಸ್ಟರ್ ಹಬ್ಬದ ಸುಮಾರಿಗೆ ತೋರಿಸುತ್ತ ಬಂದಿದ್ದಾರೆ. ಈಗಲಾದರೋ ಇದು ಮನೆಮನೆಯ ಪರದೆಗೂ ಅಂಗೈಯಲ್ಲಿನ ದೂರವಾಣಿಗೂ ಬಂದಿರುವುದರಿಂದ, ಅಜ್ಜಿಯೂ ಮೊಮ್ಮಗಳೂ ಒಂದೇ ಚಿತ್ರವನ್ನು ನೋಡಿ ಬೇರೆಬೇರೆ ಮಾತನಾಡುವ ಕಾಲವು ಒದಗಿದೆ.

ಒಂದು ಪಕ್ಷದವರು ಇದನ್ನು ಮೆಚ್ಚಿ ಹೊಗಳುತ್ತಾರೆ. ಓದುಬಾರದ ಮುದುಕಿಯೂ ಅಕ್ಷರ ಕಲಿಯದ ಮಗುವೂ ಸಮುದ್ರವು ಇಬ್ಭಾಗವಾಗುವುದನ್ನು ಕಣ್ಣಾರೆ ಕಂಡು ದೇವರ ಮಹತ್ವವನ್ನು ನೆನೆಯುತ್ತಾರೆ. ನೂರು ಪ್ರಸಂಗಗಳಿಂದ ಆಗದ ಕೆಲಸವು ಒಂದು ಸಂಜೆಯಲ್ಲಿ ಆಗುತ್ತದೆ, ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಇಸ್ರಾಯೇಲ್ಯರು ಐಗುಪ್ತವನ್ನು ಬಿಟ್ಟು ಹೊರಡುವ ದೃಶ್ಯವನ್ನೇ ನೋಡಿರಿ. ಸಾವಿರಾರು ಮಂದಿ ಹೆಂಗಸರು, ಗಂಡಸರು, ಮಕ್ಕಳು, ಹೊರಲಾರದ ಹೊರೆಗಳು, ದನಕುರಿಗಳು, ಕೋಳಿಬಾತುಗಳು. ದಾಸತ್ವದಿಂದ ಬಿಡುಗಡೆಯಾದ ಬಡವರ ಸಂತೋಷವೂ ಗಲಿಬಿಲಿಯೂ ಅಲ್ಲಿ ಜೀವಂತವಾಗಿವೆ.

ಎರಡನೆಯ ಪಕ್ಷದವರು ಇದನ್ನು ಆಡಂಬರವೆಂದು ಹಳಿಯುತ್ತಾರೆ. ವಿಮೋಚನಕಾಂಡದ ಎರಡನೆಯ ಅಧ್ಯಾಯದಲ್ಲಿ ಮಗುವಿಗೆ ಮೋಶೆಯೆಂದು ಹೆಸರಿಟ್ಟ ವಚನಕ್ಕೂ, ಅವನು ದೊಡ್ಡವನಾಗಿ ತನ್ನ ಜನರ ಬಿಟ್ಟಿದುಡಿಮೆಯನ್ನು ಕಂಡ ವಚನಕ್ಕೂ ನಡುವೆ ಯಾವ ಕಥೆಯೂ ಇಲ್ಲ. ಆ ಮೌನದಲ್ಲಿ ಡಿಮಿಲ್ಲರು ಅರಮನೆಯ ಪ್ರಣಯವನ್ನೂ ಸಿಂಹಾಸನದ ಪೈಪೋಟಿಯನ್ನೂ ತುಂಬಿ ಗಂಟೆಗಟ್ಟಲೆ ಬೆಳೆಸಿದ್ದಾರೆ. ಅದಕ್ಕೆ ಕಾದಂಬರಿಗಳೂ, ಫಿಲೋ, ಜೋಸೀಫಸ್ ಮೊದಲಾದ ಪ್ರಾಚೀನರ ಗ್ರಂಥಗಳೂ ಆಧಾರಗಳಾದವು. ತಾನು ಮಾತುಬಲ್ಲವನಲ್ಲ, ತನ್ನ ನಾಲಿಗೆ ಮಂದವೆಂದು ದೇವರಿಗೆ ಬಿನ್ನವಿಸಿಕೊಂಡ ಮೋಶೆಯು ಇಲ್ಲಿ ಸಭೆಯನ್ನು ನಡುಗಿಸುವ ವಾಗ್ಮಿಯಾಗಿದ್ದಾನೆ. ಅವನಿಗೆ ಬಾಯಾಗಬೇಕಾಗಿದ್ದ ಆರೋನನು ಮೂಲೆಗೆ ಸರಿದಿದ್ದಾನೆ. ಈ ಆಕ್ಷೇಪಣೆಗಳೂ ನ್ಯಾಯವಾದವುಗಳೇ.

ಮೂರನೆಯ ಪಕ್ಷವು ಕಿರಿಯರದು. ನೀರನ್ನು ದೊಡ್ಡ ತೊಟ್ಟಿಯೊಳಕ್ಕೆ ಎರಡು ಕಡೆಯಿಂದಲೂ ಸುರಿದು, ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿ ಸಮುದ್ರವು ಸೀಳಿದಂತೆ ತೋರಿಸಿದರೆಂಬ ಗುಟ್ಟನ್ನು ಅವರು ಬಲ್ಲರು, ಬಲ್ಲವರಾದುದರಿಂದ ನಗುತ್ತಾರೆ. ತಮ್ಮ ಕಾಲಕ್ಕೆ ಬಹುಮಾನವನ್ನು ಗಳಿಸಿದ ಆ ಕೌಶಲವು ಇಂದಿನವರಿಗೆ ಹಳೆಯ ಆಟಿಕೆಯಂತೆ ಕಾಣುವುದು ಕಾಲಧರ್ಮವು. ಅದಕ್ಕಾಗಿ ಅವರನ್ನು ಗದರಿಸಬೇಕಾದುದಿಲ್ಲ.

ಈ ಮೂರು ಪಕ್ಷದವರೂ ತೆರೆಯ ಮೇಲೆ ಏನೇನನ್ನು ತೋರಿಸಿದ್ದಾರೋ ಅದನ್ನೇ ಕುರಿತು ವಾದಿಸುತ್ತಾರೆ. ಏನನ್ನು ಬಿಟ್ಟಿದ್ದಾರೆಂದು ಕೇಳುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಹೆಣ್ಣುಮಕ್ಕಳ ಶಾಲೆಯವರು ಮೊದಲು ಕೇಳಬೇಕಾದ ಪ್ರಶ್ನೆಯು ಅದೇ. ಕಥೆಗೆ ಸೇರಿಸುವುದು ತಾನಾಗಿಯೇ ದೋಷವಲ್ಲ. ಪಂಪನು ಅರ್ಜುನನಲ್ಲಿ ತನ್ನ ದೊರೆಯಾದ ಅರಿಕೇಸರಿಯನ್ನೇ ಕಂಡು ಭಾರತವನ್ನು ಹೇಳಿದನು. ಕನ್ನಡಿಗರು ಅದನ್ನು ತಪ್ಪೆನ್ನದೆ ಕಾವ್ಯವೆಂದು ತಲೆಯ ಮೇಲಿಟ್ಟುಕೊಂಡರು. ಸೇರಿಸಿದ್ದಕ್ಕೆ ಸ್ಥಳಮಾಡುವುದಕ್ಕಾಗಿ ಹೊರಕ್ಕೆ ಹಾಕಿದ್ದು ಯಾವುದೆಂಬುದೇ ನೋಡತಕ್ಕ ವಿಷಯವು.

ವಿಮೋಚನಕಾಂಡವು ಹೇಗೆ ಆರಂಭವಾಗುತ್ತದೆಂಬುದನ್ನು ನೆನಪಿಗೆ ತಂದುಕೊಳ್ಳೋಣ. ಇಬ್ರಿಯ ಸ್ತ್ರೀಯರಿಗೆ ಹುಟ್ಟಿದ ಗಂಡುಕೂಸುಗಳನ್ನು ಕೊಂದುಹಾಕಬೇಕೆಂದು ಅರಸನು ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರಿಗೆ ಅಪ್ಪಣೆಕೊಡುತ್ತಾನೆ. ಅವರು ದೇವರಿಗೆ ಭಯಪಟ್ಟು ಕೂಸುಗಳನ್ನು ಉಳಿಸುತ್ತಾರೆ. ಅರಸನು ಕರೆಯಿಸಿ ಕೇಳಿದಾಗ, ಇಬ್ರಿಯ ಸ್ತ್ರೀಯರು ಚುರುಕಾದವರೆಂದೂ, ಸೂಲಗಿತ್ತಿಯು ಹೋಗುವಷ್ಟರಲ್ಲಿ ಹೆತ್ತುಬಿಡುತ್ತಾರೆಂದೂ ಉತ್ತರವಿತ್ತು ಪಾರಾಗುತ್ತಾರೆ. ಇಲ್ಲಿ ಇನ್ನೊಂದು ವಿಶೇಷವುಂಟು. ಅಷ್ಟು ದೊಡ್ಡ ರಾಜ್ಯವನ್ನಾಳಿದ ಆ ಫರೋಹನ ಹೆಸರನ್ನು ಗ್ರಂಥವು ಎಲ್ಲಿಯೂ ಹೇಳುವುದಿಲ್ಲ. ಬಡ ಸೂಲಗಿತ್ತಿಯರಿಬ್ಬರ ಹೆಸರುಗಳನ್ನು ಮಾತ್ರ ಹೇಳುತ್ತದೆ. ಡಿಮಿಲ್ಲರ ಚಿತ್ರದಲ್ಲಿ ಇದು ತಿರುಗುಮುರುಗಾಗಿದೆ. ಫರೋಹರಿಗೆ ಹೆಸರು, ಕಿರೀಟ, ರಥ, ಸಂಭಾಷಣೆ ಎಲ್ಲವೂ ದೊರೆತಿವೆ. ಶಿಪ್ರಾ ಪೂಗಾ ಎಂಬವರು ಕಾಣಿಸುವುದೇ ಇಲ್ಲ.

ಮುಂದಿನ ಅಧ್ಯಾಯದಲ್ಲಿ ತಾಯಿಯು ಮೂರು ತಿಂಗಳು ಮಗುವನ್ನು ಬಚ್ಚಿಟ್ಟು, ಆಪಿನ ಪೆಟ್ಟಿಗೆಯಲ್ಲಿ ಮಲಗಿಸಿ ನದಿಯ ಅಂಚಿನ ಜಂಬಿನಲ್ಲಿ ಇಡುತ್ತಾಳೆ. ಅಕ್ಕನು ದೂರದಲ್ಲಿ ನಿಂತು ಕಾಯುತ್ತಾಳೆ. ಫರೋಹನ ಮಗಳು ಪೆಟ್ಟಿಗೆಯನ್ನು ತೆರೆಸಿ, ಇದು ಇಬ್ರಿಯರ ಕೂಸೆಂದು ತಿಳಿದೂ ಕನಿಕರಪಟ್ಟಾಗ, ಆ ಹುಡುಗಿಯು ರಾಜಪುತ್ರಿಯ ಮುಂದೆ ಬಂದು, ಮೊಲೆಕೊಡುವುದಕ್ಕೆ ಒಬ್ಬ ದಾದಿಯನ್ನು ಕರೆತರಲೇ ಎಂದು ಕೇಳಿ ಹೆತ್ತ ತಾಯಿಯನ್ನೇ ಕರೆತರುತ್ತಾಳೆ. ತಾಯಿಗೆ ಮಗುವೂ ದೊರೆಯಿತು, ಸಂಬಳವೂ ದೊರೆಯಿತು. ಒಬ್ಬ ದಾಸಿಯ ಮಗಳ ಸಮಯಬುದ್ಧಿಯಿಂದ ಒಂದು ಜನಾಂಗದ ಬಿಡುಗಡೆಗೆ ದಾರಿಯಾಯಿತು. ಚಿತ್ರದಲ್ಲಾದರೋ ಮೋಶೆಯು ಪ್ರಾಯಸ್ಥನಾಗುವವರೆಗೂ ತನ್ನ ತಾಯಿ ಯಾರೆಂಬುದನ್ನು ಅರಿಯನು. ಆದ್ದರಿಂದ ಈ ಸೊಗಸಾದ ಪ್ರಸಂಗಕ್ಕೆ ಅಲ್ಲಿ ಎಡೆಯಿಲ್ಲದೆ ಹೋಯಿತು.

ಇವರೆಲ್ಲರ ಸ್ಥಾನದಲ್ಲಿ ನಮಗೆ ದೊರೆಯುವವಳು ನೆಫ್ರೆತಿರಿ. ಎರಡನೆಯ ರಾಮ್ಸೇಸನಿಗೆ ನೆಫರ್ತಾರಿಯೆಂಬ ರಾಣಿಯಿದ್ದದ್ದು ಚರಿತ್ರೆಯ ಮಾತು; ಆಕೆ ಮೋಶೆಯನ್ನು ಮೋಹಿಸಿದಳೆಂಬುದು ಕಲ್ಪನೆಯ ಮಾತು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಾಗಿತ್ತು. ಫರೋಹನ ಹೃದಯವು ಕಠಿಣವಾದುದನ್ನು ಗ್ರಂಥವು ಕೆಲವೆಡೆ ದೇವರ ಕಾರ್ಯವೆಂದೂ, ಕೆಲವೆಡೆ ಅವನೇ ಮೊಂಡುಮಾಡಿಕೊಂಡನೆಂದೂ ಹೇಳುತ್ತದೆ. ಓಡಿಹೋದವರನ್ನು ಸೈನ್ಯಸಮೇತನಾಗಿ ಬೆನ್ನಟ್ಟಿದ್ದಕ್ಕೆ ಕಾರಣವೂ ಅಲ್ಲಿ ಸ್ಪಷ್ಟವಾಗಿದೆ: ಇಷ್ಟು ಜನ ದಾಸರ ದುಡಿಮೆಯು ಕೈಬಿಟ್ಟುಹೋಯಿತಲ್ಲಾ ಎಂದು ಅರಸನೂ ಅವನ ಪರಿವಾರದವರೂ ಮರುಗಿದರು. ಚಿತ್ರದಲ್ಲಿ ಅವನನ್ನು ಹಂಗಿಸಿ, ಕೆರಳಿಸಿ, ಬೆನ್ನಟ್ಟುವಂತೆ ಮಾಡುವವಳು ನೆಫ್ರೆತಿರಿಯೇ. ದಾಸರ ಬೆವರಿನ ಮೇಲಣ ಆಸೆಯಿಂದಾದ ಪಾಪವನ್ನು ತಿರಸ್ಕೃತಳಾದ ಒಬ್ಬ ಹೆಂಗಸಿನ ಹಗೆಯಾಗಿ ಬದಲಿಸಿದ್ದಾರೆ. ಗ್ರಂಥವು ಹೆಣ್ಣಿನ ಮೇಲೆ ಹೊರಿಸದ ಅಪರಾಧವನ್ನು ಚಿತ್ರವು ಹೊರಿಸಿದೆ. ಈ ಚಿತ್ರದ ಮೇಲೆ ನಾವು ಹೊರಿಸುವ ಮುಖ್ಯವಾದ ದೂರು ಇದು.

ಹೀಗೆಂದಮಾತ್ರಕ್ಕೆ ಡಿಮಿಲ್ಲರು ಸದ್ಗುಣವುಳ್ಳ ಸ್ತ್ರೀಯರನ್ನೇ ತೋರಿಸಿಲ್ಲವೆಂದು ಯಾರೂ ತಿಳಿಯಬಾರದು. ಮಗುವನ್ನು ಎತ್ತಿಕೊಂಡ ರಾಜಪುತ್ರಿಯು ಕಡೆಯಲ್ಲಿ ಅರಮನೆಯನ್ನು ತೊರೆದು ಇಸ್ರಾಯೇಲ್ಯರೊಡನೆ ಹೊರಡುವುದೂ, ಮಿದ್ಯಾನಿನ ಚಿಪ್ಪೋರಳ ಗಾಂಭೀರ್ಯವೂ ಮನಸ್ಸಿನಲ್ಲಿ ನಿಲ್ಲತಕ್ಕವುಗಳೇ. ಆದರೆ ನೋಡುವವರ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ನೆಫ್ರೆತಿರಿಯ ಒಡವೆಗಳ ಮೇಲೆಯೇ.

ಚಿತ್ರಪಟವು ಧರ್ಮಗ್ರಂಥವಲ್ಲ, ನಾಲ್ಕು ತಾಸು ಜನರನ್ನು ಕೂರಿಸಬೇಕಾದರೆ ರಾಣಿಯೂ ರಥವೂ ಬೇಕೇಬೇಕು, ಇಬ್ಬರು ಸೂಲಗಿತ್ತಿಯರನ್ನು ನೋಡಲು ಯಾರು ಬಂದಾರು, ಎಂದು ಕೆಲವರು ಹೇಳಬಹುದು. ಇದಕ್ಕೆ ಉತ್ತರವು ಡಿಮಿಲ್ಲರ ಬಾಯಲ್ಲಿಯೇ ಇದೆ. ಚಿತ್ರದ ಆರಂಭದಲ್ಲಿ ಅವರು ತಾವೇ ಪರದೆಯ ಮುಂದೆ ಬಂದು ನಿಂತು, ಮನುಷ್ಯರು ದೇವರ ನ್ಯಾಯಪ್ರಮಾಣಕ್ಕೆ ಒಳಪಡಬೇಕೋ, ರಾಮ್ಸೇಸನಂತಹ ಸರ್ವಾಧಿಕಾರಿಯ ಮನಸ್ಸು ಬಂದಂತೆ ನಡೆಯಬೇಕೋ ಎಂಬುದೇ ಕಥೆಯ ತಿರುಳೆಂದು ಹೇಳುತ್ತಾರೆ. ಪ್ರಶ್ನೆಯು ಬಹಳ ಯೋಗ್ಯವಾದದ್ದು. ಆದರೆ ವಿಮೋಚನಕಾಂಡದಲ್ಲಿ ಈ ಪ್ರಶ್ನೆಗೆ ಮೊತ್ತಮೊದಲು ಉತ್ತರಕೊಟ್ಟವರು ಯಾರು? ಮೋಶೆಯು ಆಗ ಹುಟ್ಟಿಯೂ ಇರಲಿಲ್ಲ. ಕೈಯಲ್ಲಿ ಕೋಲಾಗಲಿ ಕಲ್ಲಿನ ಹಲಗೆಗಳಾಗಲಿ ಇಲ್ಲದೆ, ದೇವರ ಮೇಲಣ ಭಯವೊಂದನ್ನೇ ನೆಚ್ಚಿಕೊಂಡು ಅರಸನ ಅಪ್ಪಣೆಯನ್ನು ಮೀರಿದವರು ಆ ಸೂಲಗಿತ್ತಿಯರು. ಡಿಮಿಲ್ಲರು ತಾವೇ ಇಟ್ಟುಕೊಂಡ ಅಳತೆಗೋಲಿನಿಂದ ಅಳೆದರೂ, ತಮ್ಮ ವಿಷಯಕ್ಕೆ ಅತ್ಯುತ್ತಮವಾದ ನಿದರ್ಶನವನ್ನೇ ಕೈಬಿಟ್ಟರೆಂದು ಹೇಳಬೇಕಾಗಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಿದ್ದಾರೆ, ಆಸ್ಪತ್ರೆಗಳಲ್ಲಿ ದಾದಿಯರಾಗಿ ರಾತ್ರಿಯೆಲ್ಲ ಎದ್ದಿದ್ದು ಹೆರಿಗೆಗಳನ್ನು ನೋಡಿಕೊಳ್ಳುವವರಿದ್ದಾರೆ, ಮನೆವಾರ್ತೆಯನ್ನು ತೂಗಿಸುವ ತಾಯಂದಿರಿದ್ದಾರೆ. ಇವರ ಕೆಲಸಕ್ಕೆ ತುತೂರಿಯ ಧ್ವನಿಯೂ ಇಲ್ಲ, ಸಮುದ್ರವು ಸೀಳುವ ಅದ್ಭುತವೂ ಇಲ್ಲ. ಹಿರಿದಾದುದೆಲ್ಲವೂ ಅಬ್ಬರದಿಂದಲೇ ನಡೆಯುವುದೆಂದು ಚಿತ್ರದಿಂದ ಕಲಿತ ಹುಡುಗಿಯು ತನ್ನ ತಾಯಿಯ ಕೆಲಸವನ್ನು ಅಲ್ಪವೆಂದೆಣಿಸಬಹುದು. ಗ್ರಂಥದಿಂದ ಕಲಿತವಳು ಹಾಗೆ ಎಣಿಸಲಾರಳು.

ಆದುದರಿಂದ ಪೋಷಕರಿಗೆ ನಮ್ಮ ಸಲಹೆಯು ಇಷ್ಟೇ. ಈ ಚಿತ್ರವನ್ನು ಮಕ್ಕಳಿಗೆ ನಿಷೇಧಿಸಬೇಡಿರಿ. ಅದರಲ್ಲಿ ನೋಡತಕ್ಕದ್ದು ಬಹಳವಿದೆ. ಆದರೆ ಅವರನ್ನು ಒಂಟಿಯಾಗಿ ನೋಡಲು ಬಿಡದೆ ಜೊತೆಯಲ್ಲಿ ಕುಳಿತುಕೊಳ್ಳಿರಿ. ನೋಡುವ ಮೊದಲು ವಿಮೋಚನಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿಸಿರಿ. ಅದಕ್ಕೆ ಕಾಲು ಗಂಟೆಯೂ ಹಿಡಿಯದು. ನೋಡಿಯಾದ ಮೇಲೆ, ಅಲ್ಲಿದ್ದು ಇಲ್ಲಿಲ್ಲದವರು ಯಾರು ಯಾರೆಂದು ಮಗಳನ್ನು ಕೇಳಿರಿ. ಅವಳು ಶಿಪ್ರಾ ಪೂಗಾ ಎಂಬ ಎರಡು ಹೆಸರುಗಳನ್ನು ಹೇಳಿದಳಾದರೆ, ಆ ಸಂಜೆಯು ವ್ಯರ್ಥವಾಗಲಿಲ್ಲವೆಂದು ತಿಳಿಯಿರಿ.