ಇಂಗ್ಲಿಷ್ ಪಿಎಚ್‌ಡಿಗೆ ಕನ್ನಡ ಬೇಕು

ಗೇಟ್ ಅಂದ್ರೆ ನಮಗೆಲ್ಲ ಎಂ.ಟೆಕ್, ಇಲ್ಲಾ ಪಿಎಸ್‌ಯು ಕೆಲಸ. ಆದರೆ 2021ರಿಂದ ಅದರಲ್ಲಿ ಎಕ್ಸ್‌ಎಚ್ ಅನ್ನೋ ಹ್ಯುಮಾನಿಟೀಸ್ ಪೇಪರ್ ಇದೆ, ಅದರೊಳಗೆ ಇಂಗ್ಲಿಷ್ ಸಾಹಿತ್ಯವೂ ಇದೆ. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ 75 ಇದ್ದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. (ಒಂದೊಂದು ಯೂನಿವರ್ಸಿಟಿಗೆ ಒಂದೊಂದು ಷರತ್ತು, ನೋಡ್ಕೊಂಡು ಹಾಕಿ.)

ಮನೇಲಿ ಈ ಮಾತೆತ್ತಿದರೆ ಅಪ್ಪ, "ಇಂಗ್ಲಿಷ್ ಬರುತ್ತಲ್ಲ ಮಗಾ, ಇನ್ನೇನ್ ಕಲೀತೀಯ ಅದ್ರಲ್ಲಿ?" ಅಂತಾರೆ.

ನನ್ನ ಪ್ರಕಾರ ಪರೀಕ್ಷೆಗಿಂತ ಕಷ್ಟದ್ದು ರಿಸರ್ಚ್ ಪ್ರಪೋಸಲ್. ಶೇಕ್ಸ್‌ಪಿಯರ್ ಅಂದ್ರೆ ಪ್ರಾಣ ಅಂತ ಬರೆದರೆ ಯಾರೂ ಸೀಟು ಕೊಡಲ್ಲ. ಒಂದು ಪ್ರಶ್ನೆ ಬೇಕು. ಪ್ರಶ್ನೆಗಳು ನಮ್ಮ ಹತ್ತಿರವೇ ರಾಶಿ ಬಿದ್ದಿವೆ. ಬಿ.ಎಂ.ಶ್ರೀ. ಮೈಸೂರಲ್ಲಿ ಇಂಗ್ಲಿಷ್ ಮೇಷ್ಟ್ರು. 'ಇಂಗ್ಲಿಷ್ ಗೀತಗಳು' ಮಾಡುವಾಗ ಯಾವ ಕವಿತೆ ಆರಿಸಿಕೊಂಡರು, ಯಾವುದನ್ನು ಬಿಟ್ಟರು, ಯಾಕೆ? ಅನಂತಮೂರ್ತಿ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಪಿಎಚ್‌ಡಿ ಮಾಡಲು ಬರ್ಮಿಂಗ್‌ಹ್ಯಾಮ್‌ಗೆ ಹೋದವರು, ಅಲ್ಲೇ ಕೂತು 'ಸಂಸ್ಕಾರ' ಬರೆದರು. ಆ ಎರಡು ಬರವಣಿಗೆಗೂ ಏನು ನಂಟು?

ಇದನ್ನ ಕೇಳೋಕೆ ಎರಡೂ ಭಾಷೆ ಓದಬೇಕು. ಎಸ್‌ಎಸ್‌ಎಲ್‌ಸಿ ಮುಗಿದ ತಕ್ಷಣ ಕನ್ನಡ ಪುಸ್ತಕ ರದ್ದಿಗೆ ಹಾಕೋ ನಮ್ಮಂಥ ಇಂಗ್ಲಿಷ್ ಮೀಡಿಯಂನೋರು ಇಲ್ಲೇ ಹಿಂದೆ ಬೀಳ್ತೀವಿ. ಹಳ್ಳಿ ಶಾಲೆಯಿಂದ ಬಂದು ಇಂಗ್ಲಿಷ್ ಎಂ.ಎ. ಮಾಡಿದವರು ನಮಗಿಂತ ಮುಂದಿರ್ತಾರೆ, ಅವರ ಉಚ್ಚಾರ ಕೇಳಿ ನಾವು ನಗ್ತಾ ಇರ್ತೀವಿ.

ಮೂರನೇ ವರ್ಷದಿಂದ ಗೇಟ್ ಬರೀಬಹುದು. ನಾನು ಎಕ್ಸ್‌ಎಚ್ ತಗೋತೀನಿ. ಅಪ್ಪನಿಗೆ ಇನ್ನೂ ಹೇಳಿಲ್ಲ.