ಯಂತ್ರಕ್ಕೆ ರಬ್ಬರಿನ ಕಾವಲು, ಕೂಲಿಯವನ ಕೈಗೆ?



ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಪಂಪ್‌ಹೌಸು, ಎಲ್ಲೇ ನೋಡಿ: ಒಂದು ಕಡೆ ಮೋಟಾರು, ಇನ್ನೊಂದು ಕಡೆ ಅದು ತಿರುಗಿಸುವ ಯಂತ್ರ. ಕೆಲವು ಕಡೆ ನಡುವೆ ಬೆಲ್ಟು. ಇನ್ನು ಕೆಲವು ಕಡೆ ಎರಡರ ಶಾಫ್ಟುಗಳನ್ನೂ ಮುಖಕ್ಕೆ ಮುಖ ತಂದು ಕಪ್ಲಿಂಗು ಹಾಕಿ ಕೂಡಿಸಿರುತ್ತಾರೆ. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗಿದರೆ ಸೆಕೆಂಡಿಗೆ 24 ಸುತ್ತಾಯಿತು. ಕಣ್ಣಿಗೆ ಅದು ನಯವಾದ ಕಬ್ಬಿಣದ ಗುಂಡು, ಅಷ್ಟೇ. ಆದರೆ ಎದ್ದು ನಿಂತ ಒಂದು ಬೋಲ್ಟಿನ ತಲೆ ಸಾಕು. ಟವೆಲ್ಲಿನ ತುದಿಯೋ ಸೀರೆ ಸೆರಗೋ ಸಿಕ್ಕಿಕೊಂಡರೆ ಕೂಗುವಷ್ಟು ಹೊತ್ತೂ ಸಿಗಲ್ಲ.

ಅಲ್ಲೇ ಶಾಫ್ಟು ಬೇರಿಂಗಿನೊಳಗೆ ಹೋಗುವ ಜಾಗದಲ್ಲಿ ರಬ್ಬರಿನ ಸೀಲು ಇರುತ್ತದೆ. ಎಣ್ಣೆ ಹೊರಗೆ ಸೋರಬಾರದು, ಧೂಳು ಒಳಗೆ ಹೋಗಬಾರದು. ಅದು ಸವೆದರೆ ಧಣಿ ಅವತ್ತೇ ಪೇಟೆಗೆ ಆಳು ಓಡಿಸುತ್ತಾನೆ. ಬೇರಿಂಗು ಹೋದರೆ ಗಿರಣಿ ನಿಲ್ಲುತ್ತದಲ್ಲ! ಕಪ್ಲಿಂಗಿನ ಮೇಲೆ ಕೂರಬೇಕಾದ ತಗಡಿನ ಮುಚ್ಚಳ ಮಾತ್ರ ಯಾವತ್ತೋ ರಿಪೇರಿಗೆ ಅಂತ ಬಿಚ್ಚಿದ್ದು, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುತ್ತದೆ. ಕೈ ಹೋದರೆ ಗಿರಣಿ ನಿಲ್ಲಲ್ಲ. ಇನ್ನೊಬ್ಬ ಬರ್ತಾನೆ. ನಮ್ಮ ಕೇರಿಯಿಂದಲೇ ಬರ್ತಾನೆ.

ಕಾನೂನು ಇರಲಿಲ್ಲವೇ? ಇತ್ತು. 1948ರ ಕಾರ್ಖಾನೆ ಕಾಯ್ದೆ ಬಂದಾಗ ಕೇಂದ್ರದ ಕಾರ್ಮಿಕ ಮಂತ್ರಿ ಬಾಬು ಜಗಜೀವನರಾಮ್. ಯಂತ್ರ ತಿರುಗುವಷ್ಟು ಹೊತ್ತೂ ಕಾವಲು ಅದರ ಜಾಗದಲ್ಲೇ ಇರಬೇಕು ಅಂತ 21ನೇ ಕಲಮು ಹೇಳಿತು. ಓಡುವ ಶಾಫ್ಟಿಗೆ ಎಣ್ಣೆ ಬಿಡಲು, ಒರೆಸಲು ಹೆಂಗಸರನ್ನೂ ಎಳೆಯರನ್ನೂ ಹಚ್ಚಕೂಡದು ಅಂತ 22ನೇ ಕಲಮು ಹೇಳಿತು. ಆದರೆ ಕರೆಂಟಿನ ಯಂತ್ರವಿದ್ದ ಕಡೆ ಹತ್ತು ಜನ ದುಡಿದರೆ ಮಾತ್ರ ಅದು ಕಾರ್ಖಾನೆ. 2020ರ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ಆರು ಜನರ ಗಿರಣಿಯಲ್ಲಿ ಶಾಫ್ಟು ಮೆಲ್ಲಗೆ ತಿರುಗುತ್ತದೆಯೇನು?

ಪರಿಹಾರದ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ನೂರಕ್ಕೆ 30ರಷ್ಟು ದುಡಿಮೆ ಹೋಯಿತು ಅಂತ ಲೆಕ್ಕ. ಏಕಲವ್ಯನಿಗೆ ಆ ಲೆಕ್ಕವೂ ಸಿಗಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ನಮ್ಮ ಅಣ್ಣಂದಿರು ಆ ಲೆಕ್ಕ ಕೇಳುವುದು ಯಾರನ್ನು?

ರಜೆಗೆ ಊರಿಗೆ ಹೋದಾಗ ಅಪ್ಪ, ಅಣ್ಣ, ಅಕ್ಕ ದುಡಿಯುವ ಗಿರಣಿಗೆ ಹೋಗಿ. ಒಬ್ಬರೇ ಹೋಗಬೇಡಿ, ಕೇರಿಯವರನ್ನೆಲ್ಲ ಕರಕೊಂಡು ಹೋಗಿ. ಐಟಿಐ ಓದುವವರು ಯಂತ್ರ ನಿಲ್ಲಿಸಿದ ಮೇಲೆ ಅಳತೆ ತೆಗೆಯಿರಿ. ಮೂಲೆಯ ಮುಚ್ಚಳ ಎತ್ತಿ ಧಣಿಯ ಮುಂದಿಟ್ಟು ಹೇಳಿ:

ಮೊದಲು ಮುಚ್ಚಳ. ಆಮೇಲೆ ಸ್ವಿಚ್ಚು.